ಶಿವಮೊಗ್ಗ ಸೀಮೆಯಲ್ಲಿ ಹಿರಿಯರ ಆರೈಕೆಗೆ ಜಾಗ ಆರಿಸುವುದು: ಒಂದು ಹೋಲಿಕೆಯ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಒಂಟಿ ಮನೆಗಳಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಉಳಿದಿರುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಅಡಿಕೆಯ ಕೊನೆಕೊಯ್ಲಿಗೇ ಆಳು ಸಿಗದ ಊರಿನಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಜನ ಸಿಗುವುದು ಇನ್ನೂ ಕಷ್ಟ. ಲಕ್ವ ಹೊಡೆದೋ, ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದೋ ಆಸ್ಪತ್ರೆ ಸೇರಿದವರಿಗೆ ಡಾಕ್ಟರು ಡಿಸ್ಚಾರ್ಜ್ ಬರೆದ ದಿನ, ಇನ್ನು ಇವರನ್ನು ಎಲ್ಲಿಗೆ ಕರೆದೊಯ್ಯುವುದು ಎಂಬ ಪ್ರಶ್ನೆ ಏಳುತ್ತದೆ. ಯಾರೋ ಕೊಟ್ಟ ಒಂದು ಫೋನ್ ನಂಬರು, ತಿಂಗಳಿಗೆ ಇಷ್ಟು ಎಂಬ ದರ, ವಾಟ್ಸಾಪಿನಲ್ಲಿ ಬಂದ ನಾಲ್ಕು ಫೋಟೋ, ಇಷ್ಟನ್ನೇ ನೋಡಿ ಅಂದೇ ತೀರ್ಮಾನವಾಗಿಬಿಡುತ್ತದೆ. ಫೋಟೋದಲ್ಲಿ ಕಾಣುವುದು ಕಟ್ಟಡ, ಹೂಕುಂಡ ಮತ್ತು ದೇವರ ಕೋಣೆ. ಹಿರಿಯರ ಸುರಕ್ಷತೆಯನ್ನು ನಿರ್ಧರಿಸುವ ಸಂಗತಿಗಳು ಬೇರೆಯೇ ಇವೆ, ಮತ್ತು ಅವುಗಳಲ್ಲಿ ಮುಖ್ಯವಾದವು ಎರಡು: ರಾತ್ರಿ ಹೊತ್ತು ಅಲ್ಲಿ ಎದ್ದಿರುವವರು ಎಷ್ಟು ಮಂದಿ, ಮತ್ತು ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಮಳೆಗಾಲದ ನಡುರಾತ್ರಿಯಲ್ಲಿ ಹೋಗಲು ಎಷ್ಟು ಹೊತ್ತು ಬೇಕು. ಉಳಿದ ಹೋಲಿಕೆಗಳೆಲ್ಲ ಇವುಗಳ ನಂತರ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎದುರಿಗಿರುವ ಆಯ್ಕೆಗಳು

ನಮ್ಮ ಜಿಲ್ಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ವ್ಯವಸ್ಥೆಗಳು ಎದುರಾಗುತ್ತವೆ. ಮೊದಲನೆಯದು ವೃದ್ಧಾಶ್ರಮ, ಇದು ಊಟ, ವಸತಿ, ಸಂಗಾತಿಗಳ ಒಡನಾಟ ಕೊಡುವ ಜಾಗ, ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲವರಿಗಾಗಿ ಇರುವಂಥದ್ದು. ಎರಡನೆಯದು ಆರೈಕೆ ಕೇಂದ್ರ. ಹಾಸಿಗೆ ಹಿಡಿದವರನ್ನು, ಮರೆವಿನ ಕಾಯಿಲೆಯವರನ್ನು ಸೇರಿಸಿಕೊಂಡು ಸಿಸ್ಟರ್, ಆಯಾ, ಅಟೆಂಡರುಗಳ ಮೂಲಕ ನೋಡಿಕೊಳ್ಳುವ ಜಾಗ. ಮೂರನೆಯದು ಪೇಟೆಯ ನರ್ಸಿಂಗ್ ಹೋಮ್, ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಇಲ್ಲಿ ಕೆಲವರನ್ನು ವಾರಗಟ್ಟಲೆ ಇರಿಸಿಕೊಳ್ಳುವುದುಂಟು. ನಾಲ್ಕನೆಯದು ಏಜೆನ್ಸಿಯ ಮೂಲಕ ಹೋಮ್ ನರ್ಸ್ ಕರೆಸಿಕೊಂಡು ಮನೆಯಲ್ಲೇ ಇರುವುದು.

ಇವುಗಳಿಗೆ ಅನ್ವಯಿಸುವ ಕಾನೂನು ಒಂದೇ ಅಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಚಿಕಿತ್ಸೆ ನೀಡುವ ಖಾಸಗಿ ಸಂಸ್ಥೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ, ಅಂದರೆ ಎಲ್ಲರ ಬಾಯಲ್ಲಿರುವ ಕೆಪಿಎಂಇ ಕಾಯ್ದೆಯಡಿ ನೋಂದಣಿ ಮಾಡಿಸಿ, ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಬೇಕು. 2017ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವೇ ನೋಂದಣಿಯನ್ನೂ ದೂರುಗಳನ್ನೂ ನೋಡುತ್ತದೆ. ವೃದ್ಧಾಶ್ರಮಗಳು ಹಾಗಲ್ಲ, ಅವು ಹೆಚ್ಚಾಗಿ ಟ್ರಸ್ಟ್ ಅಥವಾ ಸಂಘದ ಹೆಸರಿನಲ್ಲಿ ನಡೆಯುತ್ತವೆ. ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಬಿಟ್ಟಿರುವ ಟ್ರಸ್ಟ್ ನೋಂದಣಿ ಪತ್ರವು ಆ ಸಂಸ್ಥೆ ಕಾನೂನಿನ ಪ್ರಕಾರ ಹುಟ್ಟಿದೆ ಎಂದಷ್ಟೇ ಹೇಳುತ್ತದೆ, ಅಲ್ಲಿ ಆರೈಕೆ ಹೇಗಿದೆ ಎಂಬುದರ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ವೃದ್ಧಾಶ್ರಮವೆಂದು ಬೋರ್ಡು ಹಾಕಿಕೊಂಡು ಒಳಗೆ ಮೂಗಿನ ನಳಿಕೆ, ಮೂತ್ರದ ಕ್ಯಾತಿಟರ್, ಇನ್ಸುಲಿನ್ ಎಲ್ಲವನ್ನೂ ನಿಭಾಯಿಸುವ ಕಡೆಗಳಲ್ಲಿ ಹೆಚ್ಚು ಎಚ್ಚರ ಬೇಕು. ಆ ಕೆಲಸಗಳನ್ನು ಮಾಡುವವರು ಯಾರು, ಅವರ ವಿದ್ಯಾರ್ಹತೆ ಏನು, ಕರೆದಾಗ ಬರುವ ವೈದ್ಯರು ಯಾರು ಎಂದು ನೇರವಾಗಿಯೇ ಕೇಳಬೇಕು. ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿಯಾದವರಿಗೂ, ಆರು ತಿಂಗಳು ಆಸ್ಪತ್ರೆಯಲ್ಲಿ ಆಯಾ ಆಗಿದ್ದು ಈಗ ಬಿಳಿ ಕೋಟು ಹಾಕಿಕೊಂಡವರಿಗೂ ಇರುವ ವ್ಯತ್ಯಾಸ ಹೊರಗಿನಿಂದ ಕಾಣುವುದಿಲ್ಲ.

ಅಮೆರಿಕದಲ್ಲಿ ಇಂಥ ಕೇಂದ್ರಗಳಿಗೆ 2008ರಿಂದ ಸರ್ಕಾರವೇ ಒಂದರಿಂದ ಐದರವರೆಗೆ ನಕ್ಷತ್ರ ಕೊಟ್ಟು ಅಂತರ್ಜಾಲದಲ್ಲಿ ಪ್ರಕಟಿಸುತ್ತಿದೆ. ಆ ನಕ್ಷತ್ರಗಳಿಗೆ ಆಧಾರ ಮೂರು: ತಪಾಸಣೆಯ ವರದಿ, ಸಿಬ್ಬಂದಿಯ ಪ್ರಮಾಣ, ಮತ್ತು ನಿವಾಸಿಗಳ ಆರೋಗ್ಯದ ಸ್ಥಿತಿ. ಅದರಲ್ಲಿ ಗಮನಿಸಬೇಕಾದ ಅಂಶವೆಂದರೆ, ಮೊದಮೊದಲು ಸಿಬ್ಬಂದಿಯ ಸಂಖ್ಯೆಯನ್ನು ಸಂಸ್ಥೆಗಳೇ ಹೇಳಿಕೊಳ್ಳುತ್ತಿದ್ದವು. 2018ರಿಂದ ಸಂಬಳದ ದಾಖಲೆಯನ್ನು ಆಧರಿಸಿ ಲೆಕ್ಕ ಹಾಕಲಾಗುತ್ತಿದೆ. ನಮ್ಮಲ್ಲಿ ಅಂಥ ಪಟ್ಟಿ ಯಾವುದೂ ಇಲ್ಲ. ಆದ್ದರಿಂದ ಆ ಮೂರೂ ಕೆಲಸಗಳು ಕುಟುಂಬದವರ ಹೆಗಲಿಗೇ ಬೀಳುತ್ತವೆ, ಮತ್ತು ಬಾಯಿಮಾತಿನ ಸಂಖ್ಯೆಯನ್ನು ನಂಬದೆ ಹಾಜರಿ ಪುಸ್ತಕ ನೋಡಬೇಕೆಂಬ ಪಾಠವನ್ನಾದರೂ ಅಲ್ಲಿಂದ ತೆಗೆದುಕೊಳ್ಳಬಹುದು.

ರಾತ್ರಿಯ ಪಾಳಿ

ಯಾವುದೇ ಕೇಂದ್ರಕ್ಕೆ ಹೋದರೂ ಹಗಲು ಹನ್ನೊಂದು ಗಂಟೆಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಸ್ನಾನ, ತಿಂಡಿ ಮುಗಿದಿರುತ್ತದೆ, ಹಾಸಿಗೆಯ ಚಾದರ ಬದಲಾಗಿರುತ್ತದೆ, ಮ್ಯಾನೇಜರು ಆಫೀಸಿನಲ್ಲಿ ಇರುತ್ತಾರೆ. ಹೋಲಿಸಬೇಕಾದ್ದು ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗಿನ ಹೊತ್ತನ್ನು. ಇದಕ್ಕೊಂದು ಸರಳ ಲೆಕ್ಕವಿದೆ. ಮಗ್ಗುಲು ಬದಲಿಸಲಾರದೆ ಮಲಗಿರುವವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಬೇಕೆಂಬುದು ಶುಶ್ರೂಷೆಯಲ್ಲಿ ಬಹುಕಾಲದಿಂದ ಬಂದಿರುವ ಕ್ರಮ. ಒಂದು ಕೇಂದ್ರದಲ್ಲಿ ಅಂಥವರು ಹನ್ನೆರಡು ಮಂದಿ ಇದ್ದಾರೆ ಎಂದುಕೊಳ್ಳೋಣ. ಒಬ್ಬರನ್ನು ಹೊರಳಿಸಿ, ಬೇಕಿದ್ದರೆ ಡೈಪರ್ ಬದಲಿಸಿ, ಬೆನ್ನಿಗೆ ದಿಂಬು ಕೊಟ್ಟು ಸರಿಪಡಿಸಲು ಇಬ್ಬರಿಗೆ ಹತ್ತು ನಿಮಿಷ ಹಿಡಿಯುತ್ತದೆ ಎಂದರೆ, ಹನ್ನೆರಡು ಮಂದಿಗೆ ನೂರಿಪ್ಪತ್ತು ನಿಮಿಷವಾಯಿತು. ಅಂದರೆ ಇಬ್ಬರು ಸಿಬ್ಬಂದಿ ರಾತ್ರಿಯಿಡೀ ಒಂದು ಕ್ಷಣವೂ ಕೂರದೆ ಕೆಲಸ ಮಾಡಿದರೆ ಮಾತ್ರ ಆ ಕ್ರಮ ಪಾಲನೆಯಾಗುತ್ತದೆ, ಮತ್ತು ಆ ಹೊತ್ತಿನಲ್ಲಿ ಹದಿಮೂರನೆಯವರು ಬಾತ್‌ರೂಮಿಗೆಂದು ಎದ್ದರೆ ಹಿಡಿಯಲು ಯಾರೂ ಇರುವುದಿಲ್ಲ. ಹಾಗಿರುವಾಗ ಹನ್ನೆರಡು ಮಂದಿಗೆ ರಾತ್ರಿ ಒಬ್ಬರೇ ಆಯಾ ಎಂದು ಹೇಳುವ ಕಡೆ ಹೊರಳಿಸುವ ಕೆಲಸ ನಡೆಯುತ್ತಿಲ್ಲ ಎಂದೇ ತಿಳಿಯಬೇಕು. ಅವರು ಎಷ್ಟೇ ಒಳ್ಳೆಯ ಮನಸ್ಸಿನವರಾದರೂ ಅದು ಸಾಧ್ಯವಿಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಸಿಬ್ಬಂದಿ ಎಷ್ಟಿದ್ದಾರೆ’ ಎಂಬುದಲ್ಲ. ಒಟ್ಟು ಸಂಖ್ಯೆಯಲ್ಲಿ ಅಡುಗೆಯವರು, ಡ್ರೈವರು, ತೋಟದ ಕೆಲಸದವರು ಎಲ್ಲ ಸೇರಿಹೋಗುತ್ತಾರೆ. ‘ನಿನ್ನೆ ರಾತ್ರಿ ಪಾಳಿಯಲ್ಲಿ ಯಾರಿದ್ದರು, ಅವರು ಇವತ್ತು ಹಗಲೂ ಮುಂದುವರಿಸುತ್ತಿದ್ದಾರೆಯೇ’ ಎಂದು ಕೇಳಿ ಡ್ಯೂಟಿ ಪಟ್ಟಿ ತೋರಿಸಲು ಹೇಳಬೇಕು. ಹನ್ನೆರಡು ಗಂಟೆಯ ಪಾಳಿ ಮುಗಿಸಿದವರೇ ಮತ್ತೆ ಹನ್ನೆರಡು ಗಂಟೆ ದುಡಿಯುವ ಕಡೆಗಳು ಇವೆ. ಸಿಬ್ಬಂದಿ ಎಷ್ಟು ತಿಂಗಳಿಂದ ಅಲ್ಲಿದ್ದಾರೆ ಎಂಬುದೂ ಮುಖ್ಯ. ಹಬ್ಬ ಬಂದಾಗ, ಗದ್ದೆ ನಾಟಿಯ ಹೊತ್ತಿನಲ್ಲಿ, ಎಲ್ಲರೂ ಒಟ್ಟಿಗೆ ಊರಿಗೆ ಹೊರಟರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಬರುವ ಉತ್ತರದಲ್ಲಿ ಬಹಳಷ್ಟು ತಿಳಿಯುತ್ತದೆ. ಸಾಧ್ಯವಾದರೆ ಎರಡನೆಯ ಭೇಟಿಯನ್ನು ಹೇಳದೆ ಕೇಳದೆ ಸಂಜೆ ಏಳರ ನಂತರ ಮಾಡಬೇಕು. ನಿವಾಸಿಗಳ ಗೌಪ್ಯತೆಯ ಕಾರಣ ಕೊಟ್ಟು ಕೋಣೆಗಳ ಒಳಗೆ ಬಿಡದಿರುವುದು ಸರಿಯಾದ ಕ್ರಮವೇ ಆದರೂ, ಹಜಾರದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಲೂ ಬಿಡದ ಜಾಗವನ್ನು ಪಟ್ಟಿಯಿಂದ ಕೈಬಿಡುವುದು ಲೇಸು.

ಕುಳಿತಾಗ ಏನನ್ನು ನೋಡಬೇಕು ಎಂದರೆ, ಕರೆಗಂಟೆಯ ಸ್ವಿಚ್ಚು ಎಲ್ಲಿದೆ ಎಂದು ನೋಡಿ. ಇಂಥ ಕೇಂದ್ರವೊಂದರಲ್ಲಿ ಪ್ರತಿ ಮಂಚಕ್ಕೂ ವೈರಿನ ತುದಿಯಲ್ಲಿ ಗಂಟೆಯ ಗುಂಡಿ ಇತ್ತು. ಆದರೆ ಆ ವೈರುಗಳನ್ನೆಲ್ಲ ಅಚ್ಚುಕಟ್ಟಾಗಿ ಸುತ್ತಿ, ತಲೆದಿಂಬಿನಿಂದ ಎರಡು ಮೊಳ ಮೇಲೆ, ಗೋಡೆಯ ಮೊಳೆಗೆ ಸಿಕ್ಕಿಸಿಡಲಾಗಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ತಟ್ಟೆ ಮುಚ್ಚಿದ ಗಂಜಿ, ಮೇಲೆ ಕೆನೆಗಟ್ಟಿ ಆರಿಹೋಗಿತ್ತು. ಬಲಗೈಗೆ ಲಕ್ವ ಹೊಡೆದವರ ಬಲಬದಿಗೇ ಆ ಸ್ಟೂಲನ್ನು ಇಟ್ಟಿದ್ದರು. ಇವೆರಡನ್ನು ಕಂಡ ಮೇಲೆ ಆ ಕೇಂದ್ರದ ದರಪಟ್ಟಿಯನ್ನು ನೋಡುವ ಅಗತ್ಯ ಉಳಿಯುವುದಿಲ್ಲ.

ಮೈಯಲ್ಲಿ ಕಾಣುವ ಸಾಕ್ಷಿ

ಆರೈಕೆಯ ಗುಣಮಟ್ಟಕ್ಕೆ ಹಾಸಿಗೆ ಹುಣ್ಣಿಗಿಂತ ನಂಬಿಕಸ್ಥ ಸಾಕ್ಷಿ ಇಲ್ಲ. ಬೆನ್ನಿನ ಕೆಳಭಾಗ, ಸೊಂಟದ ಪಕ್ಕದ ಮೂಳೆಯ ಜಾಗ, ಹಿಮ್ಮಡಿ ಇವು ಮೊದಲು ಏಟು ತಿನ್ನುವ ಜಾಗಗಳು. ಆರಂಭದಲ್ಲಿ ಚರ್ಮ ಕೆಂಪಾಗಿ, ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದೆ ಹಾಗೆಯೇ ಉಳಿಯುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮವರ ಕಂದು ಮೈಬಣ್ಣದಲ್ಲಿ ಆ ಕೆಂಪು ಸುಲಭವಾಗಿ ಕಾಣುವುದಿಲ್ಲವಾದ್ದರಿಂದ, ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕಾಗುತ್ತದೆ. ಸೇರಿಸುವ ಮೊದಲು ಮುಖ್ಯಸ್ಥರನ್ನು ಹೀಗೆ ಕೇಳಬಹುದು: ಈಗ ನಿಮ್ಮಲ್ಲಿ ಎಷ್ಟು ಮಂದಿಗೆ ಹಾಸಿಗೆ ಹುಣ್ಣು ಇದೆ, ಅದರಲ್ಲಿ ಇಲ್ಲಿಗೆ ಬಂದ ಮೇಲೆ ಆದದ್ದು ಎಷ್ಟು? ಒಂದು ಕೇಂದ್ರದವರು ‘ನಮ್ಮಲ್ಲಿ ಆ ಸಮಸ್ಯೆಯೇ ಇಲ್ಲ’ ಎಂದು ನಗುತ್ತಾರೆ. ಇನ್ನೊಂದರಲ್ಲಿ ‘ಇಬ್ಬರಿಗೆ ಇದೆ, ಒಬ್ಬರಿಗೆ ಆಸ್ಪತ್ರೆಯಿಂದಲೇ ಬಂದಿತ್ತು, ಇನ್ನೊಬ್ಬರಿಗೆ ಇಲ್ಲಿ ಆಯಿತು’ ಎಂದು ಡ್ರೆಸ್ಸಿಂಗ್ ಬರೆದಿಟ್ಟ ಹಾಳೆ ತೆಗೆಯುತ್ತಾರೆ. ನಾನಾದರೆ ಎರಡನೆಯದನ್ನು ಆರಿಸುತ್ತೇನೆ. ಹುಣ್ಣನ್ನು ಅಳೆದು ದಿನಾಂಕ ಹಾಕಿ ಬರೆಯುವ ಅಭ್ಯಾಸ ಇರುವ ಕಡೆ ಉಳಿದ ಸಂಗತಿಗಳನ್ನೂ ಗಮನಿಸುವವರು ಇರುತ್ತಾರೆ.

ಎರಡನೆಯ ಸಾಕ್ಷಿ ತೂಕ. ತಿಂಗಳಲ್ಲಿ ಮೈತೂಕದ ಶೇಕಡಾ 5, ಆರು ತಿಂಗಳಲ್ಲಿ ಶೇಕಡಾ 10 ಇಳಿದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಐವತ್ತು ಕಿಲೋ ತೂಗುವ ಅಜ್ಜಿ ಒಂದು ತಿಂಗಳಲ್ಲಿ ಎರಡೂವರೆ ಕಿಲೋ ಇಳಿದಿದ್ದಾರೆ ಎಂದರೆ ಊಟ ಹೋಗುತ್ತಿಲ್ಲ, ಹಲ್ಲಿನ ಸೆಟ್ ಕಳೆದುಹೋಗಿದೆ, ನುಂಗಲು ಆಗುತ್ತಿಲ್ಲ, ಅಥವಾ ತಿನ್ನಿಸುವವರಿಗೆ ಪುರುಸೊತ್ತಿಲ್ಲ, ಇವುಗಳಲ್ಲಿ ಯಾವುದೋ ಒಂದು ನಡೆದಿದೆ. ಕೇಂದ್ರದಲ್ಲಿ ತೂಕದ ಯಂತ್ರ ಇದೆಯೇ, ನಿಲ್ಲಲಾರದವರ ತೂಕವನ್ನು ಹೇಗೆ ನೋಡುತ್ತಾರೆ ಎಂದು ವಿಚಾರಿಸಬೇಕು. ಊಟದ ರುಚಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಲೆನಾಡಿನವರಿಗೆ ತಂಬುಳಿ, ಗಂಜಿ, ಉಪ್ಪಿನಕಾಯಿ ಸಿಕ್ಕರೆ ಹೊಂದಿಕೊಳ್ಳುತ್ತಾರೆ. ಆದರೆ ನುಂಗಲು ತೊಂದರೆ ಇರುವವರಿಗೆ ಕೂರಿಸಿ ತಿನ್ನಿಸುತ್ತಾರೆಯೇ, ತಿನ್ನಿಸಿದ ಮೇಲೆ ಅರ್ಧ ಗಂಟೆಯಾದರೂ ಮಲಗಿಸದೆ ಬಿಡುತ್ತಾರೆಯೇ ಎಂಬುದನ್ನು ಖಂಡಿತ ನೋಡಬೇಕು, ಏಕೆಂದರೆ ಮಲಗಿದ್ದವರ ಬಾಯಿಗೆ ಹಾಕಿದ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುವುದು ಇಂಥ ಜಾಗಗಳ ದೊಡ್ಡ ಅಪಾಯ.

ಕೊನೆಯದಾಗಿ, ಮಂಪರು. ಇಡೀ ಹಜಾರವೇ ಮಧ್ಯಾಹ್ನ ಮೂರು ಗಂಟೆಗೆ ತೂಕಡಿಸುತ್ತಿದ್ದರೆ ಅದನ್ನು ಶಾಂತ ವಾತಾವರಣ ಎಂದು ಮೆಚ್ಚಿಕೊಳ್ಳಬಾರದು. ಮರೆವಿನ ಕಾಯಿಲೆಯ ಹಿರಿಯರು ರಾತ್ರಿ ಎದ್ದು ತಿರುಗುತ್ತಾರೆ, ಕೂಗುತ್ತಾರೆ ಎಂಬ ಕಾರಣಕ್ಕೆ ಮನೋರೋಗದ ಮಾತ್ರೆಗಳನ್ನು ಕೊಡುವ ರೂಢಿ ಇದೆ. ಈ ಗುಂಪಿನ ಔಷಧಿಗಳು ಮರೆವಿನ ಕಾಯಿಲೆಯ ವೃದ್ಧರಲ್ಲಿ ಸಾವಿನ ಸಂಭವವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಕೆಲವರಿಗೆ ವೈದ್ಯರ ತೀರ್ಮಾನದಂತೆ ಅವು ಬೇಕಾಗಬಹುದು. ಆದರೆ ಯಾರು ಬರೆದರು, ಎಂದಿನವರೆಗೆ, ಯಾವಾಗ ಮರುಪರಿಶೀಲನೆ ಎಂಬುದು ಕೇಸ್ ಶೀಟಿನಲ್ಲಿರಬೇಕು, ಮನೆಯವರಿಗೆ ತಿಳಿಸದೆ ಆರಂಭಿಸಬಾರದು. ಮಂಚಕ್ಕೆ ಅಥವಾ ಕುರ್ಚಿಗೆ ಬಟ್ಟೆಯಿಂದ ಕಟ್ಟಿಹಾಕುವುದನ್ನು ‘ಬೀಳಬಾರದೆಂದು’ ಸಮರ್ಥಿಸುವ ಕಡೆ ಸೇರಿಸದಿರುವುದೇ ಸರಿ.

ಮಳೆಗಾಲವನ್ನು ಮನಸ್ಸಿನಲ್ಲಿಟ್ಟು ನೋಡುವುದು

ಬೇರೆ ಊರುಗಳ ಮಾರ್ಗದರ್ಶಿಗಳಲ್ಲಿ ಇಲ್ಲದ, ನಮಗೆ ಮಾತ್ರ ಅಗತ್ಯವಾದ ಒಂದು ದೊಡ್ಡ ಅಧ್ಯಾಯ ಇದು. ಜನವರಿಯ ಎಳೆಬಿಸಿಲಿನಲ್ಲಿ ಆಗುಂಬೆ ಅಥವಾ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯ ಒಂದು ಕೇಂದ್ರವನ್ನು ನೋಡಿ ಮೆಚ್ಚಿದವರು, ಅದೇ ಕಟ್ಟಡ ಪುಷ್ಯ ಮಳೆಯಲ್ಲಿ ಹೇಗಿರುತ್ತದೆ ಎಂದು ಊಹಿಸಿಕೊಳ್ಳಬೇಕು. ಮರ ಬಿದ್ದು ಲೈನು ಹರಿದರೆ ಕರೆಂಟು ಬರಲು ದಿನಗಳೇ ಹಿಡಿಯಬಹುದು. ಆಮ್ಲಜನಕದ ಕಾನ್ಸಂಟ್ರೇಟರು, ಕಫ ಎಳೆಯುವ ಯಂತ್ರ, ಗಾಳಿ ತುಂಬುವ ಏರ್ ಬೆಡ್ಡು ಇವೆಲ್ಲವೂ ಕರೆಂಟಿನ ಮೇಲೆಯೇ ನಡೆಯುತ್ತವೆ. ಇನ್ನೂ ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು, ಆದ್ದರಿಂದ ಫ್ರಿಜ್ಜಿಗೂ ಬೇರೆ ವ್ಯವಸ್ಥೆ ಬೇಕು. ಜನರೇಟರ್ ಇದೆ ಎಂದರೆ ಸಾಲದು. ಎಷ್ಟು ಗಂಟೆಗೆ ಸಾಲುವಷ್ಟು ಡೀಸೆಲ್ ಇಟ್ಟಿರುತ್ತಾರೆ, ರಾತ್ರಿ ಅದನ್ನು ಚಾಲೂ ಮಾಡಲು ಬರುವವರು ಯಾರು ಎಂದು ಕೇಳಿ, ಸಾಧ್ಯವಿದ್ದರೆ ಎದುರಿಗೇ ಚಾಲೂ ಮಾಡಿಸಿ ನೋಡಬೇಕು. ಕಾನ್ಸಂಟ್ರೇಟರಿನ ಜೊತೆಗೆ ತುಂಬಿದ ಸಿಲಿಂಡರು ಒಂದಾದರೂ ಇರಬೇಕು.

ಬಟ್ಟೆ ಒಣಗಿಸುವ ವ್ಯವಸ್ಥೆಯನ್ನು ಕೇಳುವವರು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ಊರಿನಲ್ಲಿ ಇಪ್ಪತ್ತು ಮಂದಿಯ ಚಾದರ, ಪಂಚೆ, ಸೀರೆಗಳು ದಿನವೂ ಒದ್ದೆಯಾಗುತ್ತವೆ. ಅರೆ ಒಣಗಿದ ಬಟ್ಟೆ ಉಡಿಸಿದರೆ ತೊಡೆಸಂದಿಯಲ್ಲಿ, ಬೆನ್ನಿನಲ್ಲಿ ಬೂಷ್ಟಿನ ತುರಿಕೆ ಏಳುತ್ತದೆ, ಅಲ್ಲಿಂದ ಚರ್ಮ ಒಡೆಯುತ್ತದೆ. ಡ್ರೈಯರ್ ಇರಲಿ, ಒಲೆಯ ಮೇಲಿನ ಅಟ್ಟವಿರಲಿ, ಏನಾದರೊಂದು ಇರಬೇಕು, ಹೆಚ್ಚುವರಿ ಚಾದರಗಳ ದಾಸ್ತಾನೂ ಇರಬೇಕು. ಚಳಿಗೆಂದು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ಹಳೆಯ ಅಭ್ಯಾಸ ಎಲ್ಲಿಯಾದರೂ ಕಂಡರೆ ಅಲ್ಲೇ ಆಕ್ಷೇಪಿಸಬೇಕು. ಅದರಿಂದ ಹೊರಡುವ ಇಂಗಾಲದ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಎದ್ದು ಹೊರಬರಲಾರದವರಿಗೆ ಅದು ಪ್ರಾಣಾಂತಿಕ. ಅಂಗಳದ ಕಲ್ಲುಹಾಸಿನ ಮೇಲೆ ಪಾಚಿ, ಹೊರಗಿನ ಬಚ್ಚಲು, ಹೊಸಿಲು ದಾಟಿ ಇಳಿಯಬೇಕಾದ ಮೆಟ್ಟಿಲು ಇವು ಹಳೆಯ ಮನೆಯನ್ನೇ ಕೇಂದ್ರ ಮಾಡಿಕೊಂಡ ಕಡೆಗಳಲ್ಲಿ ಸಾಮಾನ್ಯ. ಹಿಡಿಕೆಯ ಸರಳು, ಜಾರದ ನೆಲ, ಮಂಚದಿಂದ ಶೌಚಾಲಯದವರೆಗೆ ರಾತ್ರಿಯಿಡೀ ಉರಿಯುವ ದೀಪ, ಇಷ್ಟಿದ್ದರೆ ಬೀಳುವುದು ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ದಾರಿಯ ಮಾತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಲಕ್ವವಾದಾಗ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ಸಾಗರದಿಂದ ಸುಮಾರು 70. ಪೇಟೆಯಿಂದ ಇನ್ನೂ ಒಳಗಿನ ಹಳ್ಳಿಯಲ್ಲಿ ಕೇಂದ್ರವಿದ್ದು, ಬೆಳಗಿನ ಜಾವ ಮೂರಕ್ಕೆ ಮಾತು ತೊದಲಿದ್ದನ್ನು ಆಯಾ ಆರಕ್ಕೆ ಗಮನಿಸಿ, 108 ಬರುವವರೆಗೆ ಕಾದರೆ ಆ ಅವಧಿ ಮುಗಿದೇಹೋಗುತ್ತದೆ. ಶಿವಮೊಗ್ಗ ನಗರದೊಳಗಿನ ಕೇಂದ್ರಕ್ಕೆ ಇರುವ ದೊಡ್ಡ ಅನುಕೂಲ ಇದೇ. ಮೆಗ್ಗಾನ್ ಆಸ್ಪತ್ರೆಯೂ ದೊಡ್ಡ ಖಾಸಗಿ ಆಸ್ಪತ್ರೆಗಳೂ ಹತ್ತಿರದಲ್ಲೇ ಇವೆ. ಭದ್ರಾವತಿಯೂ ಹೆಚ್ಚು ದೂರವಲ್ಲ. ಆಗುಂಬೆ ಸುತ್ತಿನವರು ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದುಂಟು, ಆದರೆ ಜಡಿಮಳೆಯಲ್ಲಿ ಗುಡ್ಡ ಜರಿದರೆ ಆ ದಾರಿಯನ್ನು ನೆಚ್ಚುವಂತಿಲ್ಲ. ಶರಾವತಿ ಹಿನ್ನೀರಿನ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ತುಮರಿ ಕಡೆಯವರಿಗೆ ಲಾಂಚ್ ಕಾಯುವ ಕಷ್ಟ ತಪ್ಪಿದೆಯಾದರೂ ಸಾಗರಕ್ಕೆ, ಅಲ್ಲಿಂದ ಶಿವಮೊಗ್ಗಕ್ಕೆ ಇರುವ ದೂರ ಕಡಿಮೆಯಾಗಿಲ್ಲ. ‘ಕಳೆದ ಬಾರಿ ರಾತ್ರಿ ತುರ್ತು ಬಂದಾಗ ಯಾವ ಗಾಡಿಯಲ್ಲಿ, ಯಾವ ಆಸ್ಪತ್ರೆಗೆ, ಯಾರು ಜೊತೆಗೆ ಹೋದರು’ ಎಂಬ ಒಂದೇ ಪ್ರಶ್ನೆಯನ್ನು ಎಲ್ಲ ಕೇಂದ್ರಗಳಲ್ಲೂ ಕೇಳಿ ಉತ್ತರಗಳನ್ನು ಬರೆದಿಟ್ಟುಕೊಂಡರೆ ಹೋಲಿಕೆ ಸುಲಭವಾಗುತ್ತದೆ. ಅಲ್ಲಿ ಯಾವ ಕಂಪನಿಯ ಸಿಮ್ಮಿಗೆ ನೆಟ್‌ವರ್ಕ್ ಸಿಗುತ್ತದೆ ಎಂಬುದನ್ನೂ ನಿಮ್ಮ ಫೋನಿನಲ್ಲೇ ನೋಡಿಬಿಡಿ.

ಕಾಡಿನಂಚಿನ ಜಾಗವಾದರೆ ಮಂಗನ ಕಾಯಿಲೆಯ ವಿಷಯವನ್ನೂ ಮರೆಯುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಈ ಜ್ವರವು ಉಣುಗುಗಳಿಂದ ಹರಡುತ್ತದೆ, ಮತ್ತು ಮಳೆ ನಿಂತ ನಂತರದ ಒಣ ತಿಂಗಳುಗಳಲ್ಲಿ ಹೆಚ್ಚು. ಕಾಡಿನ ದರಕು, ಅಂದರೆ ಉದುರಿದ ಒಣ ಎಲೆ, ತಂದು ಗೋಡೆಯ ಬದಿಗೇ ರಾಶಿ ಹಾಕುವುದು, ಅದೇ ಕೆಲಸದವರು ಮೈಕೈ ತೊಳೆಯದೆ ಒಳಗೆ ಬಂದು ಹಿರಿಯರನ್ನು ಎತ್ತುವುದು ಸರಿಯಲ್ಲ.

ಕಾಗದ, ಹಣ, ಆಸ್ತಿ

ದರವನ್ನು ಹೋಲಿಸುವಾಗ ತಿಂಗಳ ಮೊತ್ತವೊಂದನ್ನೇ ಹೋಲಿಸಿದರೆ ದಾರಿ ತಪ್ಪುತ್ತದೆ. ದಿನಕ್ಕೆ ನಾಲ್ಕು ಡೈಪರ್ ಎಂದರೆ ತಿಂಗಳಿಗೆ ನೂರಿಪ್ಪತ್ತು. ಅದು ದರದಲ್ಲಿ ಸೇರಿದೆಯೇ ಇಲ್ಲವೇ ಎಂಬುದರಿಂದಲೇ ಅಗ್ಗದ ಕೇಂದ್ರ ದುಬಾರಿಯಾಗಬಹುದು. ಫಿಸಿಯೋಥೆರಪಿ, ಡಾಕ್ಟರ ಭೇಟಿ, ರಕ್ತಪರೀಕ್ಷೆ, ಆಂಬುಲೆನ್ಸ್, ಆಸ್ಪತ್ರೆಗೆ ಸೇರಿಸಿದಾಗ ಜೊತೆಗಿರುವ ಆಯಾಳ ಬಾಟಾ, ಆಗಲೂ ಕೋಣೆಯ ಬಾಡಿಗೆ ಕೊಡಬೇಕೇ, ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಮುಂಗಡ ಠೇವಣಿ ಯಾವ ಸಂದರ್ಭದಲ್ಲಿ ಎಷ್ಟು ವಾಪಸ್ಸು, ಇವೆಲ್ಲ ಒಪ್ಪಂದದಲ್ಲಿ ಬರಹದಲ್ಲಿರಬೇಕು. ದುಡ್ಡು ಕೊಟ್ಟು ಪಡೆಯುವ ಸೇವೆಯಾದ್ದರಿಂದ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು, ಮತ್ತು ಅಲ್ಲಿ ರಸೀದಿಯೂ ಒಪ್ಪಂದವೂ ಬೇಕಾಗುತ್ತವೆ.

ಜೀವನಪೂರ್ತಿ ನೋಡಿಕೊಳ್ಳುತ್ತೇವೆ, ತೋಟವನ್ನು ಅಥವಾ ಮನೆಯನ್ನು ಬರೆದುಕೊಡಿ ಎಂಬ ಪ್ರಸ್ತಾಪ ಬಂದರೆ ಬಹಳ ನಿಧಾನಿಸಬೇಕು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಅಧಿನಿಯಮದ 23ನೇ ಕಲಮು, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ರದ್ದುಪಡಿಸಿಕೊಳ್ಳಲು ಅವಕಾಶ ಕೊಡುತ್ತದೆ. ಆದರೆ ಆ ಷರತ್ತು ಪತ್ರದಲ್ಲಿಯೇ ಬರೆದಿದ್ದರೆ ಮಾತ್ರ ದಾರಿ ಸಲೀಸು. ಈ ಕಾಯ್ದೆಯ ನ್ಯಾಯಮಂಡಳಿ ಉಪವಿಭಾಗಾಧಿಕಾರಿಗಳ ಬಳಿ ಇರುತ್ತದೆ. ನಮ್ಮ ಜಿಲ್ಲೆಯ ಉಪವಿಭಾಗಗಳು ಶಿವಮೊಗ್ಗ ಮತ್ತು ಸಾಗರ. ಅದೇ ಕಾಯ್ದೆಯ 24ನೇ ಕಲಮಿನ ಪ್ರಕಾರ, ನೋಡಿಕೊಳ್ಳುವ ಹೊಣೆ ಇರುವವರು ಹಿರಿಯರನ್ನು ಎಲ್ಲೋ ತೊರೆದು ಹೋದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆಶ್ರಮಕ್ಕೆ ಸೇರಿಸಿ ಫೋನ್ ನಂಬರು ಬದಲಿಸುವವರಿಗೆ ಇದು ತಿಳಿದಿರಲಿ.

ಯಾರಿಗೆ ಯಾವುದು

ನಡೆದಾಡುವವರು, ಮಾತ್ರೆ ತಾವೇ ತೆಗೆದುಕೊಳ್ಳುವವರು, ಒಂಟಿತನದಿಂದ ಬೇಸತ್ತವರು, ಇವರಿಗೆ ತಮ್ಮ ಊರಿನ ಹತ್ತಿರದ ವೃದ್ಧಾಶ್ರಮವೇ ಮೇಲು. ಪರಿಚಯದ ಭಾಷೆ, ಪರಿಚಯದ ಅಡುಗೆ, ಆಗಾಗ ಬಂದು ಮಾತಾಡಿಸುವ ನೆಂಟರು ಇವಕ್ಕೆ ಇಲ್ಲಿ ಬೆಲೆ ಹೆಚ್ಚು. ಹಾಸಿಗೆ ಹಿಡಿದವರಿಗೆ, ಮೂಗಿನ ನಳಿಕೆ ಇರುವವರಿಗೆ, ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಬೇಕಾದವರಿಗೆ ಶಿವಮೊಗ್ಗದೊಳಗಿನ ಅಥವಾ ಆಸುಪಾಸಿನ ಆರೈಕೆ ಕೇಂದ್ರವನ್ನೇ ನೋಡಬೇಕು. ಗುಡ್ಡದ ಗಾಳಿ ಚೆನ್ನಾಗಿದೆ ಎಂಬ ಕಾರಣ ಇಲ್ಲಿ ನಿಲ್ಲುವುದಿಲ್ಲ. ಸೊಂಟದ ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳಿಗೆ ಫಿಸಿಯೋಥೆರಪಿ ಸಿಗುವ ನರ್ಸಿಂಗ್ ಹೋಮ್ ಸರಿ, ಆದರೆ ತಿಂಗಳುಗಟ್ಟಲೆ ಅಲ್ಲೇ ಇದ್ದರೆ ಖರ್ಚೂ ಹೆಚ್ಚು, ಆಸ್ಪತ್ರೆಯ ಸೋಂಕು ತಗಲುವ ಭಯವೂ ಹೆಚ್ಚು.

ಮನೆಯಲ್ಲೇ ಹೋಮ್ ನರ್ಸ್ ಇಟ್ಟುಕೊಳ್ಳುವುದು ಮನಸ್ಸಿಗೆ ಎಲ್ಲಕ್ಕಿಂತ ಹಿತ, ಆದರೆ ಇಪ್ಪತ್ತನಾಲ್ಕು ಗಂಟೆಯ ನರ್ಸ್ ಎಂದು ಏಜೆನ್ಸಿ ಕಳಿಸುವವರೂ ಮನುಷ್ಯರೇ, ಅವರೂ ನಿದ್ದೆ ಮಾಡಬೇಕು. ಒಬ್ಬರಿಂದ ದಪ್ಪ ಮೈಯವರನ್ನು ಹೊರಳಿಸಲಾಗದು. ಮನೆಯಲ್ಲಿ ಇನ್ನೊಬ್ಬ ಗಟ್ಟಿಮುಟ್ಟಾದ ಸಂಬಂಧಿಕರು ಇದ್ದು, ನರ್ಸ್ ರಜೆ ಹೋದಾಗ ಬದಲಿ ಕಳಿಸುವ ಮಾತನ್ನು ಏಜೆನ್ಸಿಯವರು ಬರೆದುಕೊಟ್ಟು, ಪೊಲೀಸ್ ಪರಿಶೀಲನೆಯ ಪತ್ರವನ್ನೂ ತೋರಿಸಿದರೆ ಈ ದಾರಿ ಹಿಡಿಯಬಹುದು. ಯಾವುದನ್ನೇ ಆರಿಸಿದರೂ, ಬುದ್ಧಿ ಸ್ವಾಧೀನದಲ್ಲಿರುವ ಹಿರಿಯರನ್ನು ಕೇಳದೆ, ಮೊದಲು ಒಮ್ಮೆ ಕರೆದೊಯ್ದು ತೋರಿಸದೆ ತೀರ್ಮಾನಿಸುವುದು ತಪ್ಪು.

ಸೇರಿಸಿದ ಮೇಲೆ

ಸೇರಿಸುವ ದಿನವೇ ಮೈಯ ಸ್ಥಿತಿಯನ್ನು ಸಿಸ್ಟರ ಎದುರು ನೋಡಿ, ಇರುವ ಗಾಯ, ಊತ, ತೂಕ ಎಲ್ಲವನ್ನೂ ದಿನಾಂಕ ಸಹಿತ ಬರೆಸಿಕೊಳ್ಳಬೇಕು. ಔಷಧಿಗಳ ಪಟ್ಟಿಯ ಒಂದು ಪ್ರತಿ ಮನೆಯವರ ಬಳಿಯೂ ಇರಬೇಕು. ಆಸ್ಪತ್ರೆಯಿಂದ ಕೇಂದ್ರಕ್ಕೆ ಬರುವ ಹೊತ್ತಿನಲ್ಲೇ ಒಂದೇ ಮಾತ್ರೆ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಬಾರಿ ಸೇರಿಹೋಗುವುದು ಹೆಚ್ಚು. ಮೊದಲ ತಿಂಗಳು ಬೇರೆ ಬೇರೆ ಹೊತ್ತಿನಲ್ಲಿ ಯಾರಾದರೂ ಹೋಗುತ್ತಿರಲಿ. ಬೆಂಗಳೂರಿನಿಂದ ಬರಲಾಗದವರು ವಿಡಿಯೋ ಕಾಲಿನಲ್ಲಿ ಮುಖವನ್ನಷ್ಟೇ ನೋಡಿ ಸಮಾಧಾನಪಡದೆ, ಹಿಮ್ಮಡಿಯನ್ನೂ ಬೆನ್ನನ್ನೂ ತೋರಿಸಲು ಹೇಳಬೇಕು, ಅಥವಾ ಹತ್ತಿರದ ನೆಂಟರೊಬ್ಬರಿಗೆ ಆ ಕೆಲಸ ಒಪ್ಪಿಸಬೇಕು.

ಲೋಪ ಕಂಡರೆ ಮೊದಲು ಮುಖ್ಯಸ್ಥರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ವೈದ್ಯಕೀಯ ಸಂಸ್ಥೆಯಾದರೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳ ಮೂಲಕ ಕೆಪಿಎಂಇ ಪ್ರಾಧಿಕಾರಕ್ಕೂ, ವೃದ್ಧಾಶ್ರಮವಾದರೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೂ ದೂರು ಕೊಡಬಹುದು. ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567, ಕರೆ ಉಚಿತ. ಆ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಿರಿಯರ ಕೈಗೇ ಕೊಟ್ಟು, ಫೋನ್ ಬಳಸಲು ಅವರಿಗೆ ಅಲ್ಲಿ ಅವಕಾಶ ಇದೆಯೇ ಎಂದು ಕೇಳಿಕೊಂಡು ಬರಬೇಕು.